ನೂರು ಮೈಕ್ರೋಗ್ರಾಂ ಬಾಟಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಒಂದೇ ಪ್ರೋಟೀನ್ ಬಗ್ಗೆ ಇವೆ. ಅದು ಆಲ್ಫಾ-1 ಆಂಟಿಟ್ರಿಪ್ಸಿನ್. ನಮ್ಮೆಲ್ಲರ ರಕ್ತದಲ್ಲಿ ಇರುವಂಥದ್ದು. ಬೇರೆ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವಗಳನ್ನು ಹಿಡಿದು ನಿಲ್ಲಿಸುವುದು ಇದರ ಕೆಲಸ. ಸಂಶೋಧನೆಗೆಂದು ಇದನ್ನು ಈಗ ಪ್ರಯೋಗಾಲಯದಲ್ಲಿ ತಯಾರಿಸಿ ಪುಟ್ಟ ಬಾಟಲಿಗಳಲ್ಲಿ ಮಾರುತ್ತಾರೆ. ಮೊದಲ ಪತ್ರಕ್ಕೆ ತಕ್ಷಣ ಉತ್ತರ ಬೇಕಿತ್ತು. ಹಾಗಾಗಿ ಅವರಿಗೆ ಪತ್ರಿಕೆ ಬರುವ ಮೊದಲೇ ಉತ್ತರ ಕಳಿಸಿದ್ದೇನೆ. ಬೇರೆಯವರಿಗೂ ಬೇಕಾಗಬಹುದು ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಮೂವತ್ತು ವರ್ಷಕ್ಕೂ ಜಾಸ್ತಿ ಬೀಡಿ ಸೇದಿದ್ದಾರೆ. ಈಗ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ). ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಯಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಪರೀಕ್ಷೆ ಮಾಡಿಸಿದರು. 82 ಬಂತು, ಸ್ವಲ್ಪ ಕಡಿಮೆ ಎಂದರು. ಇದಕ್ಕೆ ವಿದೇಶದಲ್ಲಿ ಇಂಜೆಕ್ಷನ್ ಇದೆ, ತುಂಬಾ ದುಬಾರಿ ಎಂದು ಕೇಳಿದೆ. ಅದೇ ಪ್ರೋಟೀನ್ 100 ಮೈಕ್ರೋಗ್ರಾಂ ಬಾಟಲಿಯಲ್ಲಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ತರಿಸಿ ನಮ್ಮೂರ ನರ್ಸ್ ಹತ್ತಿರ ಹಾಕಿಸಬಹುದಾ ಮೇಡಂ? — ಹೆಸರು ಬೇಡ, ಹಾಸನ ಜಿಲ್ಲೆ

ಬೇಡ. ದಯವಿಟ್ಟು ತರಿಸಬೇಡಿ. ಆಗಲೇ ತರಿಸಿದ್ದರೆ ಹಾಕಿಸಬೇಡಿ.

ಅಪ್ಪನಿಗೋಸ್ಕರ ರಾತ್ರಿಯೆಲ್ಲ ಕೂತು ಹುಡುಕಿದ್ದೀರಿ ಎನ್ನುವುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅದಕ್ಕೇ ಸುಮ್ನೆ ಬೇಡ ಎಂದು ಹೇಳಿ ಬಿಡುವುದಿಲ್ಲ. ಕಾರಣವನ್ನೂ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. ಈ ಕೊರತೆ ತೀವ್ರವಾಗಿರುವವರಿಗೆ ಕೊಡುವ ಔಷಧಿಯನ್ನು ದಾನಿಗಳ ಪ್ಲಾಸ್ಮಾದಿಂದ ಶುದ್ಧ ಮಾಡಿ ತೆಗೆಯುತ್ತಾರೆ. ಅಮೆರಿಕದಲ್ಲಿ 1987ರಲ್ಲಿ ಮೊದಲ ಬಾರಿಗೆ ಇದಕ್ಕೆ ಅನುಮತಿ ಸಿಕ್ಕಿತು. ದೇಹದ ತೂಕದ ಪ್ರತಿ ಕಿಲೋಗೆ 60 ಮಿಲಿಗ್ರಾಂ, ವಾರಕ್ಕೊಮ್ಮೆ, ರಕ್ತನಾಳದ ಮೂಲಕ. ನಿಮ್ಮ ತಂದೆ 55 ಕಿಲೋ ಇದ್ದಾರೆ ಎಂದುಕೊಳ್ಳೋಣ. ವಾರಕ್ಕೆ 3.3 ಗ್ರಾಂ ಬೇಕು. 100 ಮೈಕ್ರೋಗ್ರಾಂ ಬಾಟಲಿಯ ಲೆಕ್ಕದಲ್ಲಿ ಇದು 33,000 ಬಾಟಲಿ. ಒಂದೇ ವಾರಕ್ಕೆ! ಒಂದು ಬಾಟಲಿಯಲ್ಲಿ ಇರುವುದು ಅವರ ಲಿವರ್ ಕೆಲವೇ ಸೆಕೆಂಡಿನಲ್ಲಿ ತಾನೇ ತಯಾರಿಸುವಷ್ಟು. ಕೊರತೆ ಇದ್ದರೂ ಅದು ದಿನಕ್ಕೆ ಒಂದು ಗ್ರಾಂನ ಆಸುಪಾಸು ಮಾಡುತ್ತಲೇ ಇರುತ್ತದೆ.

ಇನ್ನು ಅಪಾಯ. ಆ ಬಾಟಲಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಇರುತ್ತದೆ. ಅದನ್ನು ಮನುಷ್ಯರ ರಕ್ತಕ್ಕೆ ಹಾಕಲು ಯೋಗ್ಯವೇ ಎಂದು ಯಾರೂ ಪರೀಕ್ಷೆ ಮಾಡಿಲ್ಲ ಎಂದರ್ಥ. ಇಂಥ ಪ್ರೋಟೀನನ್ನು ಎಷ್ಟೋ ಸಲ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಆ ಬ್ಯಾಕ್ಟೀರಿಯಾದ ಹೊರಪದರದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಜೊತೆಯಲ್ಲೇ ಉಳಿದಿರಬಹುದು. ಅದು ರಕ್ತಕ್ಕೆ ಸೇರಿದರೆ ಚಳಿಜ್ವರ ಬರುತ್ತದೆ, ಬಿಪಿ ಕುಸಿಯಬಹುದು. ಶ್ವಾಸಕೋಶ ಮೊದಲೇ ಸೋತಿರುವವರಿಗೆ ಇದು ಆಟವಲ್ಲ.

ಇನ್ನೂ ಒಂದು ವಿಷಯ. ನಮ್ಮ ದೇಹದಲ್ಲಿ ತಯಾರಾಗುವ ಈ ಪ್ರೋಟೀನ್‌ಗೆ ಮೂರು ಕಡೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಅವು ಇರುವುದರಿಂದಲೇ ಇದು ರಕ್ತದಲ್ಲಿ ನಾಲ್ಕೈದು ದಿನ ಉಳಿಯುತ್ತದೆ. ಇ. ಕೋಲೈಗೆ ಆ ಸರಪಳಿ ಕೂರಿಸಲು ಬರುವುದಿಲ್ಲ. ಸಕ್ಕರೆಯಿಲ್ಲದ ಪ್ರೋಟೀನ್ ಟೆಸ್ಟ್‌ಟ್ಯೂಬಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ರಕ್ತಕ್ಕೆ ಹೋದರೆ ಬೇಗನೆ ಮಾಯವಾಗುತ್ತದೆ.

ಈಗ ನಿಮ್ಮ ತಂದೆಯ 82ರ ವಿಷಯಕ್ಕೆ ಬರೋಣ. ಅದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಇರಬೇಕು. ಸಾಮಾನ್ಯವಾಗಿ 90ರಿಂದ 200ರವರೆಗೆ ಇರುತ್ತದೆ. ಇಂಜೆಕ್ಷನ್ ಬಗ್ಗೆ ಯೋಚಿಸುವುದು 57ಕ್ಕಿಂತ ಕೆಳಗೆ ಇಳಿದಾಗ. ನಿಮ್ಮ ತಂದೆಯದ್ದು ಅಲ್ಲಿಂದ ತುಂಬ ಮೇಲಿದೆ. ಎರಡು ಜೀನ್‌ಗಳಲ್ಲಿ ಒಂದು ಮಾತ್ರ ಸರಿಯಿಲ್ಲದವರಲ್ಲೂ ಇಂಥ ಅಂಕಿ ಬರುತ್ತದೆ. ಅಂಥವರಿಗೆ ಈ ಔಷಧಿ ಕೊಡುವುದಿಲ್ಲ. ಇನ್ನೊಂದು ಮಾತು, ಜ್ವರವೋ ಕಫದ ಸೋಂಕೋ ಇದ್ದಾಗ ಈ ಪ್ರೋಟೀನ್ ಏರುತ್ತದೆ. ಆದ್ದರಿಂದ ಆರಾಮಾಗಿರುವಾಗ, ಸಿಆರ್‌ಪಿ (ಉರಿಯೂತ ಇದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಜೊತೆಗೆ, ಇನ್ನೊಮ್ಮೆ ಪರೀಕ್ಷೆ ಮಾಡಬಹುದಾ ಎಂದು ನಿಮ್ಮ ಶ್ವಾಸಕೋಶದ ಡಾಕ್ಟರನ್ನು ಕೇಳಿ. ಜೀನ್ ಪರೀಕ್ಷೆ ಬೇಕೇ ಎಂಬುದನ್ನೂ ಅವರೇ ಹೇಳಲಿ.

ಈ ಕೊರತೆ ಪತ್ತೆಯಾದದ್ದು ಸ್ವೀಡನ್ನಿನ ಮಾಲ್ಮೊದಲ್ಲಿ, 1963ರಲ್ಲಿ. ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್ ಸುಮಾರು 1,500 ಜನರ ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡಿದರು. ಐದು ಜನರ ಮಾದರಿಯಲ್ಲಿ ಈ ಪ್ರೋಟೀನಿನ ಗೆರೆ ಕಾಣಲಿಲ್ಲ. ಐವರಲ್ಲಿ ಮೂವರಿಗೆ ಶ್ವಾಸಕೋಶದ ಕಾಯಿಲೆ ಇತ್ತು. ಒಂದು ಗೆರೆ ಇಲ್ಲ ಎಂಬುದನ್ನು ಗಮನಿಸಿದ ಆ ಕಣ್ಣುಗಳ ಬಗ್ಗೆ ನನಗೆ ಇವತ್ತಿಗೂ ಗೌರವ. ಇದರ ತೀವ್ರ ಕೊರತೆಗೆ ಮುಖ್ಯ ಕಾರಣವಾದ ಝಡ್ ಎಂಬ ಜೀನ್ ರೂಪ ಉತ್ತರ ಯೂರೋಪಿನ ಜನರಲ್ಲಿ ಹೆಚ್ಚು, ನಮ್ಮಲ್ಲಿ ಬಹಳ ಅಪರೂಪ. ನಮ್ಮ ಹಳ್ಳಿಗಳಲ್ಲಿ ಶ್ವಾಸಕೋಶ ಹಾಳಾಗುವುದು ಹೆಚ್ಚಾಗಿ ಬೀಡಿಯಿಂದ, ಸೌದೆ ಒಲೆಯ ಹೊಗೆಯಿಂದ, ಧೂಳಿನಿಂದ, ಹಿಂದೆ ಬಂದು ಹೋದ ಕ್ಷಯದಿಂದ.

ಬೀಡಿಗೂ ಈ ಪ್ರೋಟೀನಿಗೂ ನೇರ ಸಂಬಂಧ ಇದೆ. ಇದು ತಂದೆಯವರಿಗೆ ಓದಿ ಹೇಳುವಂಥ ಮಾತು. ಸೋಂಕಿನ ವಿರುದ್ಧ ಹೋರಾಡಲು ಬರುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಚೆಲ್ಲುತ್ತವೆ. ಅದನ್ನು ತಡೆಯದಿದ್ದರೆ ಅದು ಶ್ವಾಸಕೋಶದ ಗಾಳಿಚೀಲಗಳ ಗೋಡೆಯನ್ನೇ ಕರಗಿಸುತ್ತದೆ. ಆಂಟಿಟ್ರಿಪ್ಸಿನ್ ಅದನ್ನು ಹಿಡಿಯುವ ರೀತಿ ಇಲಿಬೋನಿನಂತೆ. ಪ್ರೋಟೀನಿನಿಂದ ಒಂದು ಕುಣಿಕೆ ಹೊರಗೆ ಚಾಚಿರುತ್ತದೆ. ಎಲಾಸ್ಟೇಸ್ ಅದಕ್ಕೆ ಬಾಯಿ ಹಾಕಿ ಕಚ್ಚಿದ ಕೂಡಲೇ ಕುಣಿಕೆ ಪಟ್ಟನೆ ಒಳಗೆ ಮಡಚಿಕೊಳ್ಳುತ್ತದೆ. ಅಂಟಿಕೊಂಡ ಎಲಾಸ್ಟೇಸ್ ಇನ್ನೊಂದು ತುದಿಯವರೆಗೆ ಎಳೆದೊಯ್ಯಲ್ಪಟ್ಟು ಜಜ್ಜಿಹೋಗುತ್ತದೆ. ಕಚ್ಚುವ ಜಾಗದಲ್ಲಿ ಇರುವುದು 358ನೇ ಅಮೈನೋ ಆಮ್ಲ, ಮಿಥಿಯೊನೀನ್. ಹೊಗೆಯಲ್ಲಿರುವ ರಾಸಾಯನಿಕಗಳು ಇದನ್ನು ಆಕ್ಸಿಡೈಸ್ ಮಾಡುತ್ತವೆ. ಆಮೇಲೆ ಎಲಾಸ್ಟೇಸ್ ಸರಿಯಾಗಿ ಸಿಕ್ಕಿಬೀಳುವುದಿಲ್ಲ. ಅಂದರೆ ಹೊಗೆ ಎಳೆದಾಗ ಇರುವ ಆಂಟಿಟ್ರಿಪ್ಸಿನ್ ಕೂಡ ಮೊಂಡಾಗುತ್ತದೆ, ಅದೇ ಹೊತ್ತಿಗೆ ಶ್ವಾಸಕೋಶಕ್ಕೆ ಬರುವ ಬಿಳಿ ರಕ್ತಕಣಗಳೂ ಜಾಸ್ತಿಯಾಗುತ್ತವೆ.

ನಿಮ್ಮ ಕೈಯಲ್ಲಿ ಇರುವ ದುಡ್ಡನ್ನು ಬಾಟಲಿಗೆ ಹಾಕಬೇಡಿ. ಬೀಡಿ ಪೂರ್ತಿ ನಿಲ್ಲಲಿ. ಅದಕ್ಕೆ ಸಹಾಯವಾಗುವ ಔಷಧಿಗಳಿವೆ, ಕೇಳಿ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆ ಹಾಕಿಸಿ. ಇನ್‌ಹೇಲರ್ ಹೇಗೆ ಎಳೆದುಕೊಳ್ಳುತ್ತಾರೆ ಎಂದು ಡಾಕ್ಟರ ಎದುರಿಗೇ ಒಂದು ಸಲ ತೋರಿಸಲಿ. ಸುಮಾರು ಜನ ತಪ್ಪಾಗಿ ಎಳೆಯುತ್ತಾರೆ, ಔಷಧಿ ಗಂಟಲಲ್ಲೇ ಉಳಿಯುತ್ತದೆ. ಉಸಿರಾಟದ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಹತ್ತಿರದಲ್ಲಿ ಇದ್ದಾರಾ ನೋಡಿ. ಮನೆಯಲ್ಲಿ ಸೌದೆ ಒಲೆ ಇದ್ದರೆ ಮೊದಲು ಅದನ್ನು ಅವರು ಕೂರುವ ಜಾಗದಿಂದ ದೂರ ಮಾಡಿ. ಅಮ್ಮನಿಗೂ ಅದು ಒಳ್ಳೆಯದು.

ಪ್ರಶ್ನೆ: ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಮ್ಮ ಲ್ಯಾಬಿನಲ್ಲಿ ಎಚ್‌ಇಕೆ ಎಂಬ ಮಾನವ ಕೋಶಗಳಲ್ಲಿ ಮಾಡಿದ ರಿಕಾಂಬಿನೆಂಟ್ ಮಾನವ ಆಲ್ಫಾ-1 ಆಂಟಿಟ್ರಿಪ್ಸಿನ್ ಇದೆ. 10 ಮೈಕ್ರೋಗ್ರಾಂ ಟ್ರಿಪ್ಸಿನ್‌ಗೆ (ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ) 10 ಮೈಕ್ರೋಗ್ರಾಂ ಇದನ್ನು ಹಾಕಿ ಬಾಪ್ನಾ (ಟ್ರಿಪ್ಸಿನ್ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ರಾಸಾಯನಿಕ) ಜೊತೆ ಅಸ್ಸೇ ಮಾಡಿದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾತ್ರ ತಡೆಯುತ್ತಿದೆ. ಪ್ರೋಟೀನ್ ಹಾಳಾಗಿದೆ ಎಂದು ಗೈಡ್ ಹೇಳುತ್ತಾರೆ. ಮತ್ತೆ ತರಿಸಲು ದುಡ್ಡಿಲ್ಲ. ಐಸಿ50 (ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ) ಕೂಡ ತೆಗೆಯಬೇಕಂತೆ. ಏನು ಮಾಡಲಿ ಮೇಡಂ? — ವಿದ್ಯಾರ್ಥಿನಿ, ಶಿವಮೊಗ್ಗ

ಗಾಬರಿ ಬೇಡಮ್ಮ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಪ್ರೋಟೀನ್ ಚೆನ್ನಾಗಿಯೇ ಇದೆ.

ತೂಕ ಬಿಟ್ಟು ಮೋಲ್, ಅಂದರೆ ಅಣುಗಳ ಎಣಿಕೆಯ, ಲೆಕ್ಕ ಹಾಕಿ. ಟ್ರಿಪ್ಸಿನ್ ಸುಮಾರು 23.3 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). 10 ಮೈಕ್ರೋಗ್ರಾಂ ಅಂದರೆ 0.43 ನ್ಯಾನೊಮೋಲ್. ಸಕ್ಕರೆ ಸಮೇತ ಇರುವ ಆಂಟಿಟ್ರಿಪ್ಸಿನ್ ಸುಮಾರು 52 ಕಿಲೋಡಾಲ್ಟನ್. 10 ಮೈಕ್ರೋಗ್ರಾಂ ಅಂದರೆ 0.19 ನ್ಯಾನೊಮೋಲ್. ಒಂದು ಅಣು ಹಿಡಿಯುವುದು ಒಂದೇ ಟ್ರಿಪ್ಸಿನ್ ಅಣುವನ್ನು. ಹಿಡಿದ ಮೇಲೆ ಅದರ ಕೆಲಸ ಮುಗಿಯಿತು, ಇನ್ನೊಂದನ್ನು ಹಿಡಿಯಲಾರದು. ಹಾಗಾಗಿ ನಿಮಗೆ ಹೆಚ್ಚೆಂದರೆ ಶೇಕಡ 45ರ ಆಸುಪಾಸು ತಡೆ ಬರಬೇಕು. ಬಂದಿರುವುದೂ ಅದೇ! ಈ ಲೆಕ್ಕವನ್ನು ನೀಟಾಗಿ ಒಂದು ಹಾಳೆಯಲ್ಲಿ ಬರೆದು ಗೈಡ್‌ಗೆ ತೋರಿಸಿ. ಒಪ್ಪುತ್ತಾರೆ.

ಆದರೂ ಒಂದು ಅಂಕಿಯ ಮೇಲೆ ನಿಲ್ಲಬೇಡಿ. ಟ್ರಿಪ್ಸಿನ್ ಅಷ್ಟೇ ಇಟ್ಟು ಆಂಟಿಟ್ರಿಪ್ಸಿನ್ ಮಾತ್ರ ಹೆಚ್ಚಿಸುತ್ತಾ ಹೋಗಿ. 0, 5, 10, 15, 20, 25, 30 ಮೈಕ್ರೋಗ್ರಾಂ ಹೀಗೆ. ಗಾತ್ರ ಕಡಿಮೆ ಮಾಡಿ, ಟ್ರಿಪ್ಸಿನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ನಿಮ್ಮ ಬಾಟಲಿ ಉಳಿಯುತ್ತದೆ. ಎರಡನ್ನೂ ಸೇರಿಸಿ ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಬಾಪ್ನಾ ಹಾಕಿ. ಈ ಕಾಯುವಿಕೆ ಮುಖ್ಯ. ಆಂಟಿಟ್ರಿಪ್ಸಿನ್ ಎಲಾಸ್ಟೇಸನ್ನು ಹಿಡಿಯುವ ವೇಗಕ್ಕೆ ಹೋಲಿಸಿದರೆ ಟ್ರಿಪ್ಸಿನ್ ಹಿಡಿಯುವುದು ನೂರಾರು ಪಟ್ಟು ನಿಧಾನ. ಉಳಿದ ಟ್ರಿಪ್ಸಿನ್ ಚಟುವಟಿಕೆಯ ಗ್ರಾಫ್ ನೇರ ಗೆರೆಯಾಗಿ ಇಳಿದು ಎಲ್ಲಿ ಸೊನ್ನೆ ಮುಟ್ಟುತ್ತದೋ ಅಲ್ಲಿ ಒಂದು ಟ್ರಿಪ್ಸಿನ್‌ಗೆ ಎಷ್ಟು ಆಂಟಿಟ್ರಿಪ್ಸಿನ್ ಎಂಬ ಮೋಲ್ ಅನುಪಾತ ನೋಡಿ. ಒಂದರ ಹತ್ತಿರ ಇದ್ದರೆ ಬಾಟಲಿ ಉತ್ತಮ. ಎರಡು, ಮೂರು ಬಂದರೆ ಅರ್ಧ ಅಥವಾ ಅದಕ್ಕೂ ಹೆಚ್ಚು ಸತ್ತಿದೆ ಎಂದರ್ಥ. ಒಂದಕ್ಕಿಂತ ಕಡಿಮೆ ಬಂದರೆ ಟ್ರಿಪ್ಸಿನ್ ಕಡೆ ಅನುಮಾನಪಡಿ. ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಬಾಟಲಿಯಲ್ಲಿ ತೂಗಿದ್ದೆಲ್ಲ ಜೀವಂತ ಟ್ರಿಪ್ಸಿನ್ ಅಲ್ಲ. ಅದನ್ನು 1 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಐಸ್ ಮೇಲೆ ಇಡಿ, ಅಸ್ಸೇ ಬಫರಿಗೆ ಸ್ವಲ್ಪ ಕ್ಯಾಲ್ಸಿಯಂ ಹಾಕಿ.

ಐಸಿ50 ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಅದನ್ನು ತೆಗೆಯಬೇಡಿ. ಹಿಡಿದು ಬಿಡುವ, ಮತ್ತೆ ಹಿಡಿಯುವ ಸಣ್ಣ ಅಣುಗಳಿಗೆ ಆ ಅಂಕಿ ಸರಿ. ಇಲ್ಲಿ ಹಿಡಿದದ್ದು ಬಿಡುವುದಿಲ್ಲ. ನೀವು ಟ್ರಿಪ್ಸಿನ್ ಎರಡು ಪಟ್ಟು ಹಾಕಿದರೆ ಐಸಿ50 ಕೂಡ ಎರಡು ಪಟ್ಟಾಗುತ್ತದೆ. ಅಂಥ ಅಂಕಿ ಪ್ರೋಟೀನಿನ ಬಗ್ಗೆ ಏನೂ ಹೇಳುವುದಿಲ್ಲ, ನೀವು ಎಷ್ಟು ಕಿಣ್ವ ಸುರಿದಿರಿ ಎಂದಷ್ಟೇ ಹೇಳುತ್ತದೆ. ಮೋಲ್ ಅನುಪಾತ ಕೊಡಿ. ಸಮಯ ಸಿಕ್ಕರೆ ಹಿಡಿಯುವ ವೇಗವನ್ನೂ ಅಳೆಯಿರಿ.

ದುಡ್ಡಿಲ್ಲದೆ ಮಾಡಬಹುದಾದ ಒಂದು ಸುಂದರ ಪರೀಕ್ಷೆ ಇದೆ. ಟ್ರಿಪ್ಸಿನ್ ಜೊತೆ ಸೇರಿಸಿದ ಸ್ಯಾಂಪಲನ್ನು ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿ ಕುದಿಸಿ, ಗಾತ್ರದ ಪ್ರಕಾರ ಪ್ರೋಟೀನ್ ಬೇರ್ಪಡಿಸುವ ಜೆಲ್ ಓಡಿಸಿ. ಸಾಮಾನ್ಯವಾಗಿ ಕುದಿಸಿದರೆ ಕೂಡಿಕೊಂಡ ಪ್ರೋಟೀನ್‌ಗಳು ಬಿಟ್ಟುಹೋಗುತ್ತವೆ. ಇವೆರಡು ಬಿಡುವುದಿಲ್ಲ, ಇವುಗಳ ನಡುವೆ ನಿಜವಾದ ರಾಸಾಯನಿಕ ಬಂಧ ಆಗಿರುತ್ತದೆ. 52ರ ಮೇಲೆ, 75ರ ಹತ್ತಿರ ಹೊಸ ಬ್ಯಾಂಡ್ ಕಾಣುತ್ತದೆ. ಅದು ಕಂಡರೆ ನಿಮ್ಮ ಪ್ರೋಟೀನ್ ಬದುಕಿದೆ. ಬದಲಿಗೆ 52ಕ್ಕಿಂತ ಸುಮಾರು 4 ಕಿಲೋಡಾಲ್ಟನ್ ಕೆಳಗೆ ಬ್ಯಾಂಡ್ ದಪ್ಪಗಾಗಿದ್ದರೆ ಕುಣಿಕೆ ಕತ್ತರಿಸಿದೆ, ಆದರೆ ಕಿಣ್ವ ತಪ್ಪಿಸಿಕೊಂಡಿದೆ. ಟ್ರಿಪ್ಸಿನ್ ಜಾಸ್ತಿಯಿದ್ದರೆ ಅದು ಈ ಕೂಡಿಕೆಯನ್ನೂ ಕತ್ತರಿಸುತ್ತದೆ. ಜೆಲ್‌ಗೆ ಮಾತ್ರ ಆಂಟಿಟ್ರಿಪ್ಸಿನ್ ಹೆಚ್ಚಿಗೆ ಇರಲಿ.

ಉಳಿದ ಪ್ರೋಟೀನ್ ಕಾಪಾಡಿಕೊಳ್ಳಿ. ಹೊಸ ಬಾಟಲಿ ಬಂದಾಗ ಖಾಲಿ ಇದೆ ಅನ್ನಿಸುತ್ತದೆ, ಪುಡಿ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಳ ತೆಗೆಯುವ ಮೊದಲು ಒಂದು ಸಲ ಸೆಂಟ್ರಿಫ್ಯೂಜ್ ತಿರುಗಿಸಿ. ವೋರ್ಟೆಕ್ಸ್ ಬೇಡ. ಕರಗಿಸಿದ ಕೂಡಲೇ ಪುಟ್ಟ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ರಲ್ಲಿ ಇಡಿ. ಒಂದೇ ಟ್ಯೂಬನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಈ ಪ್ರೋಟೀನ್ ಹದ ಕೆಡುತ್ತದೆ. ಬೆಚ್ಚಗೆ ಬಿಟ್ಟರೆ ಇನ್ನೂ ಕಷ್ಟ. 60 ಡಿಗ್ರಿಯಲ್ಲಿ ಒಂದರ ಕುಣಿಕೆ ಇನ್ನೊಂದರ ಒಳಗೆ ಸಿಕ್ಕಿಕೊಂಡು ಸರಪಳಿ ಬೆಳೆಯುತ್ತದೆ. ಝಡ್ ರೂಪ ಇರುವವರ ಲಿವರ್‌ನಲ್ಲಿ ದೇಹದ ಶಾಖಕ್ಕೇ ಆಗುವುದು ಹೆಚ್ಚುಕಡಿಮೆ ಇದೇ. ಪ್ರೋಟೀನ್ ಲಿವರ್‌ನಲ್ಲೇ ಗಂಟಾಗಿ ನಿಂತು ರಕ್ತಕ್ಕೆ ಬರುವುದಿಲ್ಲ.

ಡೇಟಾಶೀಟ್‌ನಲ್ಲಿ ಅಮೈನೋ ಆಮ್ಲಗಳ ಸಾಲನ್ನೂ ಒಮ್ಮೆ ನೋಡಿ. 358ರಲ್ಲಿ ಮಿಥಿಯೊನೀನ್ ಇದೆ ಅಲ್ವಾ? ಈ ಒಂದು ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಪಿಟ್ಸ್‌ಬರ್ಗಿನ ಒಬ್ಬ ಹುಡುಗನ ಕಥೆ ಸಾಕ್ಷಿ. ಅವನಲ್ಲಿ ಆ ಜಾಗಕ್ಕೆ ಆರ್ಜಿನೀನ್ ಬಂದಿತ್ತು. ಅಷ್ಟರಿಂದಲೇ ಅವನ ಆಂಟಿಟ್ರಿಪ್ಸಿನ್ ಎಲಾಸ್ಟೇಸ್ ಬಿಟ್ಟು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ಹಿಡಿಯತೊಡಗಿತು. ಮತ್ತೆ ಮತ್ತೆ ರಕ್ತಸ್ರಾವವಾಗಿ ಹುಡುಗ 14ನೇ ವಯಸ್ಸಿಗೆ ತೀರಿಕೊಂಡ. ವೈದ್ಯರು 1983ರಲ್ಲಿ ಇದನ್ನು ಪ್ರಕಟಿಸಿದರು. 394 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಕೊನೆಗೆ, ನಿಮ್ಮ ಪ್ರಾಜೆಕ್ಟಿಗೆ ಬೇಕಿರುವುದು ಟ್ರಿಪ್ಸಿನ್ ನಿಲ್ಲಿಸುವುದಷ್ಟೇ ಆಗಿದ್ದರೆ ಮಾನವ ಪ್ರೋಟೀನ್ ಅಗತ್ಯವೇ ಇಲ್ಲ. ಸೋಯಾಬೀನ್ ಟ್ರಿಪ್ಸಿನ್ ಇನ್‌ಹಿಬಿಟರ್ ಅಗ್ಗ, ಗಟ್ಟಿ. ಮೋಸೆಸ್ ಕುನಿಟ್ಸ್ 1940ರ ದಶಕದಲ್ಲೇ ಅದನ್ನು ಹರಳು ಮಾಡಿದ್ದರು. ನಮ್ಮ ಹುರುಳಿಯಲ್ಲೂ ಇಂಥದ್ದು ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಅದರ ಬಗ್ಗೆ ಒಳ್ಳೆಯ ಕೆಲಸ ಆಗಿದೆ, ಹುಡುಕಿ ಓದಿ. ಮುಂದಿನ ಬ್ಯಾಚಿನವರಿಗೆ ಹುರುಳಿಯಿಂದಲೇ ಇನ್‌ಹಿಬಿಟರ್ ತೆಗೆಯುವ ಪ್ರಾಜೆಕ್ಟ್ ಕೊಡಿ ಎಂದು ಗೈಡ್‌ಗೆ ಹೇಳಿ. ಖರ್ಚು ಕಡಿಮೆ, ಕಲಿಯುವುದು ಜಾಸ್ತಿ.

ಪ್ರಶ್ನೆ: ಮೊಮ್ಮಗ ಬೆಂಗಳೂರಿನ ಕಂಪನಿಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ್ದಾನೆ. 'ರಿಕಾಂಬಿನೆಂಟ್ ಹ್ಯೂಮನ್' ಪ್ರೋಟೀನ್ ಬಳಸುತ್ತೇವೆ ಅಂದ. ಮನುಷ್ಯರ ದೇಹದಿಂದ ತೆಗೆದದ್ದಾ? ಕೇಳಲು ಸಂಕೋಚ, ಆದರೆ ಮನಸ್ಸು ತಡೆಯಲಿಲ್ಲ. — ನಿವೃತ್ತ ಶಿಕ್ಷಕಿ, ಉಡುಪಿ

ಸಂಕೋಚ ಯಾಕೆ ಟೀಚರ್? ಇದು ಕೇಳಲೇಬೇಕಾದ ಪ್ರಶ್ನೆ.

ಮನುಷ್ಯರಿಂದ ತೆಗೆದುಕೊಂಡದ್ದು ಮಾಹಿತಿ ಮಾತ್ರ. ಆ ಪ್ರೋಟೀನ್ ಹೇಗೆ ಕಟ್ಟಬೇಕು ಎಂದು ಹೇಳುವ ಡಿಎನ್ಎ ತುಂಡನ್ನು ಬೇರೆ ಜೀವಕೋಶಕ್ಕೆ ಸೇರಿಸುತ್ತಾರೆ. ಆ ಕೋಶ ತಾನು ಬೆಳೆಯುತ್ತಾ ಈ ಪ್ರೋಟೀನನ್ನೂ ಮಾಡುತ್ತದೆ. ಎಷ್ಟೋ ಸಲ ಪ್ರೋಟೀನಿನ ತುದಿಗೆ ಆರು ಹಿಸ್ಟಿಡೀನ್ ಸೇರಿಸಿರುತ್ತಾರೆ. ಅವು ನಿಕ್ಕಲ್ ಇರುವ ಕಾಲಂಗೆ ಅಂಟುತ್ತವೆ, ಉಳಿದದ್ದೆಲ್ಲ ತೊಳೆದುಹೋಗುತ್ತದೆ. ನಿಮ್ಮ ಪರಿಚಯದ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದೂ ಬಹುತೇಕ ಹೀಗೆ ಮಾಡಿದ್ದೇ. ಬೆಂಗಳೂರಿನ ಬಯೋಕಾನ್ ಪಿಕಿಯಾ ಎಂಬ ಯೀಸ್ಟ್‌ನಲ್ಲಿ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು.

ಯಾವ ಕೋಶ ಎಂಬುದರಲ್ಲಿ ಕೆಲವರಿಗೆ ಮನಸ್ಸಿಗೆ ತಾಗುವ ವಿಷಯ ಇದೆ. ಅದನ್ನು ಮುಚ್ಚಿಡಬಾರದು. ಇ. ಕೋಲೈ, ಯೀಸ್ಟ್, ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ ಕೋಶ, ಇವುಗಳ ಜೊತೆ ಎಚ್‌ಇಕೆ 293 ಎಂಬ ಮಾನವ ಕೋಶವೂ ಬಳಕೆಯಲ್ಲಿದೆ. ಅದು 1970ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಂದ ಆರಂಭವಾದದ್ದು. ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗದಲ್ಲಿ ಬಂದದ್ದಕ್ಕೆ ಆ ಸಂಖ್ಯೆ. ಅಂದಿನಿಂದ ಅದೇ ಕೋಶಗಳು ಒಡೆದು ಒಡೆದು ಲೋಕದ ಎಲ್ಲ ಕಡೆ ಬೆಳೆಯುತ್ತಿವೆ. ಪ್ರತಿ ಬಾಟಲಿಗೂ ಹೊಸದಾಗಿ ಯಾರಿಂದಲೂ ಏನನ್ನೂ ತೆಗೆಯುವುದಿಲ್ಲ. ಮೊಮ್ಮಗ ಬಳಸುವುದು ಯಾವುದು ಎಂದು ತಿಳಿಯಬೇಕಾದರೆ ಡೇಟಾಶೀಟ್‌ನಲ್ಲಿ 'ಮೂಲ' ಎಂಬ ಸಾಲು ಓದಲು ಹೇಳಿ. ಅಲ್ಲಿ ಬರೆದಿರುತ್ತದೆ.

ಇನ್ನೊಂದು ದಾರಿಯನ್ನೂ ಪ್ರಯತ್ನಿಸಿದ್ದರು. ಸ್ಕಾಟ್ಲೆಂಡಿನಲ್ಲಿ 1990ರಲ್ಲಿ ಟ್ರೇಸಿ ಎಂಬ ಕುರಿ ಹುಟ್ಟಿತು. ಅದರ ಹಾಲಿನಲ್ಲಿ ಮಾನವ ಆಂಟಿಟ್ರಿಪ್ಸಿನ್ ಬರುವಂತೆ ಮಾಡಿದ್ದರು. ಲೀಟರಿಗೆ 35 ಗ್ರಾಂವರೆಗೂ ಬಂತು. ಮೊದಲ ಪತ್ರದ ಆ ಮಗನಿಗೆ ಬೇಕಾದಷ್ಟು ಪ್ರೋಟೀನ್ ಸಿಗುವ ದಾರಿ ಇದು ಎಂದು ಆಗ ನಮ್ಮಂಥವರು ನಂಬಿದ್ದೆವು. ಆದರೆ ಆ ಹಾಲಿನಿಂದ ಶ್ವಾಸಕೋಶದ ರೋಗಿಗಳ ಕೈ ಸೇರುವ ಔಷಧಿ ಆಗಲಿಲ್ಲ. ಅವರಿಗೆ ಇವತ್ತಿಗೂ ಕೊಡುವುದು ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದನ್ನೇ.